ಶೀಟಿನ ಮಾಡಿನಡಿ ಒಂದು ಕಚೇರಿ: ಸದ್ದು ಹೀರುವುದು ಬೇರೆ, ತಡೆಯುವುದು ಬೇರೆ

ಮಂಗಳೂರಿನ ಬಿಜೈ ಕಡೆ, ಬಸ್ಸು ಓಡಾಡುವ ರಸ್ತೆಗೆ ಮುಖ ಮಾಡಿದ ಕಟ್ಟಡ. ಮೊದಲು ಖಾಲಿ ಟೆರೇಸು ಇತ್ತು. ಮಳೆನೀರು ಸೋರದಿರಲೆಂದು ಪೈಪಿನ ಟ್ರಸ್ ಎತ್ತಿ ಶೀಟು ಹೊದಿಸಿದರು. ಆಮೇಲೆ ನಾಲ್ಕು ಸುತ್ತ ಕೆಂಪುಕಲ್ಲಿನ ಗೋಡೆ ಎದ್ದಿತು, ಜಿಪ್ಸಮ್ ಫಾಲ್ಸ್ ಸೀಲಿಂಗ್ ಬಂತು, ಎಸಿ ಬಂತು, ಕಚೇರಿಯಾಯಿತು. ಕರಾವಳಿಯಲ್ಲಿ ಇಂಥ ಕಚೇರಿಗಳಿಗೆ ಲೆಕ್ಕವಿಲ್ಲ. ಇದರಲ್ಲಿ 28 ಜನ ಕೂರುತ್ತಾರೆ. ಅರ್ಧದಷ್ಟು ಮಂದಿ ಫೋನಿನಲ್ಲಿ ಗ್ರಾಹಕರ ಜತೆ ಮಾತಾಡುವವರು, ಉಳಿದವರು ಲೆಕ್ಕಪತ್ರ ನೋಡುವವರು. ಒಂದು ಹಾಲ್, ಒಂದು ಮೀಟಿಂಗ್ ರೂಮು, ಮ್ಯಾನೇಜರರ ಕ್ಯಾಬಿನ್, ಹಿಂದೆ ಸಣ್ಣ ಪ್ಯಾಂಟ್ರಿ.

ದೂರು ಒಂದೇ ಮಾತಿನದು: "ಇಲ್ಲಿ ಗಲಾಟೆ." ಆದರೆ ಒಂದು ವಾರ ಪ್ರತಿ ಮೇಜಿನಲ್ಲೂ ಹಾಳೆ ಇಟ್ಟು, ಯಾವ ಹೊತ್ತಿಗೆ ಯಾವ ಸದ್ದು ಕಿರಿಕಿರಿ ಮಾಡಿತು ಎಂದು ಬರೆಸಿದಾಗ ಆ ಒಂದು ದೂರು ನಾಲ್ಕಾಗಿ ಒಡೆಯಿತು. ಹಾಲ್ ತುಂಬ ಗುಂಯ್ ಎನ್ನುತ್ತದೆ. "ಮಾರ್ಕೆಟಿನಿಂದ ಮಾತಾಡ್ತಿದ್ದೀರಾ ಅಂತ ಕಸ್ಟಮರ್ ಕೇಳ್ತಾರೆ ಸರ್" ಎಂದು ಒಬ್ಬರು ಬರೆದಿದ್ದರು. ಕ್ಯಾಬಿನ್ನಿನೊಳಗೆ ಸಂಬಳದ ಮಾತಾಡಿದರೆ ಹೊರಗೆ ಕೇಳುತ್ತದೆ. ಮೀಟಿಂಗ್ ರೂಮಿನ ವಿಡಿಯೋ ಕರೆಯಲ್ಲಿ ಆಚೆಯವರಿಗೆ ಮಾತು ಬಾವಿಯೊಳಗಿನಿಂದ ಬಂದ ಹಾಗೆ ಕೇಳುತ್ತದೆ. ಮತ್ತೆ, ಜಡಿಮಳೆ ಹೊಡೆದರೆ ಎಲ್ಲರೂ ಫೋನ್ ಕೆಳಗಿಟ್ಟು ಸುಮ್ಮನೆ ಕೂರಬೇಕು.

ನಾಲ್ಕಕ್ಕೂ ಮದ್ದು ಬೇರೆ ಬೇರೆ. ಕಚೇರಿಯವರು ಅದಾಗಲೇ ಒಂದು ಪ್ರಯೋಗ ಮಾಡಿ ಕೈಸುಟ್ಟುಕೊಂಡಿದ್ದರು. ಕ್ಯಾಬಿನ್ನಿನ ಮಾತು ಹೊರಗೆ ಹೋಗುತ್ತದೆಂದು ಅದರ ಒಳಗೋಡೆಗೆಲ್ಲ 25 ಮಿ.ಮೀ. ದಪ್ಪದ, ಮೊಟ್ಟೆಟ್ರೇ ಆಕಾರದ ಸ್ಪಂಜು ಅಂಟಿಸಿದ್ದರು. ಸ್ಪಂಜಿಗೆ ತೂಕವಿಲ್ಲ, ತೂಕವಿಲ್ಲದ ವಸ್ತು ಸದ್ದನ್ನು ಆಚೆ ದಾಟದಂತೆ ತಡೆಯಲಾರದು. ಕೋಣೆಯೊಳಗಿನ ಗುಂಗು ಸ್ವಲ್ಪ ಹೀರೀತು, ಅಷ್ಟೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಳದಿಯಾಗಿ ಉದುರತೊಡಗಿತು, ಹಿಂಬದಿಯಲ್ಲಿ ಬೂಷ್ಟು ಹಿಡಿಯಿತು. ಅದಕ್ಕಿಂತ ದೊಡ್ಡ ಅಪಾಯ ಬೆಂಕಿ. 2003ರಲ್ಲಿ ಅಮೆರಿಕದ ರೋಡ್ ಐಲ್ಯಾಂಡಿನ ಸ್ಟೇಷನ್ ನೈಟ್‌ಕ್ಲಬ್ಬಿನಲ್ಲಿ 100 ಜನ ಸತ್ತದ್ದು ಗೋಡೆಗೆ ಅಂಟಿಸಿದ್ದ ಇಂಥ ಪಾಲಿಯುರೆಥೇನ್ ಫೋಮಿಗೆ ಬಾಣಬಿರುಸಿನ ಕಿಡಿ ತಾಗಿ. ಈ ಕಚೇರಿಯಲ್ಲಿ ಮಾಡಿದ ಮೊದಲ ಕೆಲಸ ಆ ಸ್ಪಂಜನ್ನು ಕಿತ್ತು ಹೊರಗೆ ಹಾಕಿದ್ದು.

ಹಾಲಿನ ಲೆಕ್ಕ

ಹಾಲ್ 14 ಮೀಟರ್ ಉದ್ದ, 8 ಮೀಟರ್ ಅಗಲ, ಫಾಲ್ಸ್ ಸೀಲಿಂಗಿನವರೆಗೆ 3 ಮೀಟರ್ ಎತ್ತರ. ಅಂದರೆ 336 ಘನ ಮೀಟರ್. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ರಸ್ತೆಯ ಕಡೆಗೆ 28 ಚದರ ಮೀಟರ್ ಗಾಜು, ಉಳಿದ ಗೋಡೆ ಸಿಮೆಂಟ್ ಗಾರೆ. ಹಾರ್ವರ್ಡಿನ ವ್ಯಾಲೇಸ್ ಸೇಬಿನ್ 19ನೇ ಶತಮಾನದ ಕೊನೆಗೆ ಕಂಡುಹಿಡಿದ ಸೂತ್ರ ಇವತ್ತಿಗೂ ಈ ಕೆಲಸಕ್ಕೆ ಸಾಕು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸದ್ದು 60 ಡೆಸಿಬಲ್ ಇಳಿಯಲು ಬೇಕಾದ ಸೆಕೆಂಡುಗಳು ಸಿಗುತ್ತವೆ. ಇದೇ ಅನುರಣನ ಕಾಲ. ತಗ್ಗು ಸೀಲಿಂಗಿನ ಅಗಲ ಹಾಲಿಗೆ ಈ ಸೂತ್ರ ತೀರಾ ಕರಾರುವಾಕ್ಕಲ್ಲ, ಆದರೆ ಎಷ್ಟು ಸಾಮಾನು ತರಿಸಬೇಕೆಂದು ನಿರ್ಧರಿಸಲು ಅಡ್ಡಿಯಿಲ್ಲ.

1000 ಹರ್ಟ್ಸ್‌ಗೆ ಲೆಕ್ಕ ಹೀಗೆ. ಟೈಲ್ಸ್ 112 ಚದರ ಮೀಟರ್, ಹೀರಿಕೆ ಗುಣಾಂಕ 0.02 (ತಾಗಿದ ಸದ್ದಿನಲ್ಲಿ ನೂರಕ್ಕೆ ಎರಡು ಪಾಲು ಹೀರುತ್ತದೆ ಎಂದರ್ಥ), ಎರಡನ್ನೂ ಗುಣಿಸಿದರೆ ಸಿಕ್ಕಿದ್ದು 2.2. ಜಿಪ್ಸಮ್ ಸೀಲಿಂಗ್ ಅಷ್ಟೇ ವಿಸ್ತಾರ, 0.04, ಅಂದರೆ 4.5. ಗಾರೆ ಗೋಡೆ 104 ಚದರ ಮೀಟರ್‌ಗೆ 3.1. ಗಾಜಿಗೆ 0.8. ಕುರ್ಚಿ, ಮೇಜು, ಫೈಲುಗಳಿಗೆ ಅಂದಾಜು 10. 28 ಜನರಿಗೆ ತಲಾ 0.45ರಂತೆ 12.6. ಒಟ್ಟು 33. ಸೂತ್ರಕ್ಕೆ ಹಾಕಿದರೆ 1.6 ಸೆಕೆಂಡು. ಇಲ್ಲಿ ಒಂದು ವಿಷಯ ಗಮನಿಸಬೇಕು: ಆ ಹಾಲಿನಲ್ಲಿ ಸದ್ದನ್ನು ಎಲ್ಲಕ್ಕಿಂತ ಹೆಚ್ಚು ಹೀರುತ್ತಿದ್ದದ್ದು ಸಿಬ್ಬಂದಿಯ ಮೈಮೇಲಿನ ಬಟ್ಟೆ!

ಮಾತಿನ ಕೆಲಸ ನಡೆಯುವ ಹಾಲಿನ ಅನುರಣನ ಕಾಲ 0.6 ಸೆಕೆಂಡಿನ ಹತ್ತಿರ ಬರಬೇಕು. ಹಾಗಾಗಲು ಒಟ್ಟು ಹೀರಿಕೆ 90 ಆಗಬೇಕು. ಅಂದರೆ ಇನ್ನೂ 57 ಸೇರಿಸಬೇಕು.

ಎಲ್ಲಿ ಸೇರಿಸುವುದು? ಗುತ್ತಿಗೆದಾರರ ಮೊದಲ ಸಲಹೆ ಎಲ್ಲ ಕಡೆ ಕೇಳಿಬರುವಂಥದೇ: ಜಿಪ್ಸಮ್ ಕಿತ್ತು, ಗ್ರಿಡ್ ಹಾಕಿ, ಮಿನರಲ್ ಫೈಬರ್ ಟೈಲ್ ಕೂರಿಸಿ. ಕಾಂಕ್ರೀಟ್ ಸ್ಲ್ಯಾಬಿನ ಕೆಳಗಾದರೆ ಅದು ಒಳ್ಳೆಯ ಸಲಹೆ. ಶೀಟಿನ ಮಾಡಿನ ಕೆಳಗೆ ಅಲ್ಲ. ಇಲ್ಲಿ ಮಳೆಯ ಸದ್ದಿಗೂ ಕೆಳಗೆ ಕೂತವರಿಗೂ ನಡುವೆ ಇರುವ ತೂಕವುಳ್ಳ ಪದರವೆಂದರೆ ಆ 12.5 ಮಿ.ಮೀ. ಜಿಪ್ಸಮ್ ಒಂದೇ, ಚದರ ಮೀಟರಿಗೆ ಸುಮಾರು 9 ಕೆ.ಜಿ. ಅದನ್ನು ತೆಗೆದು ಹಗುರ ಟೈಲ್ ಹಾಕಿದರೆ ಬೇಸಗೆಯಲ್ಲಿ ಎಲ್ಲರೂ ಹೊಗಳುತ್ತಾರೆ, ಜೂನ್ ಮೊದಲ ವಾರದಲ್ಲಿ ಬಯ್ಯುತ್ತಾರೆ. ಸಾಲದ್ದಕ್ಕೆ ಮಿನರಲ್ ಫೈಬರ್ ಟೈಲು ಇಲ್ಲಿನ ತೇವಕ್ಕೆ ನಡು ಬಗ್ಗುತ್ತದೆ. ತೇವ ತಡೆಯುವ ದರ್ಜೆಯದು ಕೇಳಿ ತರಿಸದಿದ್ದರೆ ಎರಡೇ ಮಳೆಗಾಲದಲ್ಲಿ ಹೊಟ್ಟೆ ಬಿಟ್ಟುಕೊಂಡು ನಿಲ್ಲುತ್ತದೆ.

ಹಾಗಾಗಿ ಜಿಪ್ಸಮ್ ಉಳಿಯಿತು. ಅದರ ಕೆಳಗೆ 150 ಮಿ.ಮೀ. ಬಿಟ್ಟು 1200 × 1200 ಮಿ.ಮೀ. ಅಳತೆಯ, 50 ಮಿ.ಮೀ. ದಪ್ಪದ 24 ಹಲಗೆಗಳನ್ನು ತೂಗುಹಾಕಲಾಯಿತು. ತೂಗುವ ಹಲಗೆಯ ಲಾಭವೆಂದರೆ ಅದು ಕೆಳಮೈಯಿಂದಲೂ ಮೇಲ್ಮೈಯಿಂದಲೂ ಹೀರುತ್ತದೆ, 1.44 ಚದರ ಮೀಟರಿನ ಒಂದೊಂದರಿಂದ 1.8ರಷ್ಟು ಹೀರಿಕೆ ಸಿಗುತ್ತದೆ. 24ಕ್ಕೆ 43. ಉಳಿದ 14ಕ್ಕೆ ಗಾಜಿನ ಎದುರುಗೋಡೆಯಲ್ಲಿ, ಕೂತವರ ತಲೆಯ ಮಟ್ಟದಲ್ಲಿ, 16 ಚದರ ಮೀಟರ್ ಪ್ಯಾನೆಲ್. ಗಾಜು ಮತ್ತು ಗಾರೆ ಎದುರುಬದುರು ಇದ್ದರೆ ಸದ್ದು ಅವೆರಡರ ನಡುವೆ ಚೆಂಡಿನ ಹಾಗೆ ಪುಟಿಯುತ್ತದೆ. ಒಂದು ಬದಿಯನ್ನಾದರೂ ಮೆತ್ತಗೆ ಮಾಡಲೇಬೇಕು.

ಹಲಗೆಯೊಳಗೆ, ಕರಗಿಸಿದ ಕಲ್ಲಿನ ನಾರಿನಿಂದ ಮಾಡಿದ ರಾಕ್‌ವುಲ್ ಹಾಕಲಿಲ್ಲ. ರಾಕ್‌ವುಲ್ ಹೀರುವುದರಲ್ಲಿ ಕಡಿಮೆಯೇನಲ್ಲ, ಆದರೆ ತೆರೆದ ಜಾಗದಲ್ಲಿ ಅದರ ನಾರು ಉದುರದಂತೆ ಸುತ್ತುವ ಬಟ್ಟೆ, ಅಂಟು, ಅದರ ಮೇಲೆ ಕೂರುವ ದೂಳು, ಇವಕ್ಕೆ ಮಳೆ ಜೋರಿರುವ ಆಟಿ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ. ಅದರ ಬದಲು ಘನ ಮೀಟರಿಗೆ 40 ಕೆ.ಜಿ. ಸಾಂದ್ರತೆಯ ಪಾಲಿಯೆಸ್ಟರ್ ವುಲ್, ಅಲ್ಯೂಮಿನಿಯಂ ಚೌಕಟ್ಟು, ಪಾಲಿಯೆಸ್ಟರ್ ಬಟ್ಟೆ. ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ನೋಡದೆ ತರಿಸಲಿಲ್ಲ. ಚೌಕಟ್ಟು ಸೇರಿ ಒಂದೊಂದು ನಾಲ್ಕೂವರೆ ಕೆ.ಜಿ. ತೂಗುವ ತಂತಿ, ಕೊಕ್ಕೆ, ಸ್ಕ್ರೂ ಎಲ್ಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಕಡಲ ಗಾಳಿಗೆ ಸಾದಾ ಸತು ಲೇಪದ ತಂತಿ ತುಕ್ಕು ಹಿಡಿದು ಒಂದು ದಿನ ಯಾರದೋ ಕಂಪ್ಯೂಟರಿನ ಮೇಲೆ ಹಲಗೆ ಬೀಳುವುದು ಬೇಡ. ತಂತಿಯನ್ನು ಜಿಪ್ಸಮ್ ಬೋರ್ಡಿಗೆ ಕಟ್ಟಬಾರದು, ಮೇಲಿರುವ ಕಬ್ಬಿಣದ ಸೆಕ್ಷನ್ನಿಗೇ ಕಟ್ಟಬೇಕು. ಹೊಗೆ ಪತ್ತೆಯಂತ್ರ, ಎಸಿ ಗಾಳಿಯ ಬಾಯಿ, ದೀಪ ಇವುಗಳ ನಕ್ಷೆ ಮೊದಲು ಬರೆದು, ಅದರ ಮೇಲೆ ಹಲಗೆಯ ಜಾಗ ಗುರುತಿಸಿದ್ದರಿಂದ ನಾಲ್ಕು ಹಲಗೆಗಳನ್ನು ಸರಿಸಬೇಕಾಯಿತು.

ಗೋಡೆಯ ಪ್ಯಾನೆಲ್ ನೇರ ಗೋಡೆಗೆ ಅಂಟಿಸಿಲ್ಲ. ಕೆಂಪುಕಲ್ಲಿನ ಹೊರಗೋಡೆ, ಅದರಲ್ಲೂ ಪಡುದಿಕ್ಕಿನದು, ಮಳೆಗಾಲದುದ್ದಕ್ಕೂ ಒಳಗಿಂದೊಳಗೆ ತೇವ ಎಳೆದುಕೊಂಡಿರುತ್ತದೆ. ಅಲ್ಯೂಮಿನಿಯಂ ಪಟ್ಟಿ ಕೊಟ್ಟು 25 ಮಿ.ಮೀ. ಗಾಳಿಯ ಸಂದು ಬಿಡಲಾಯಿತು. ಗೋಡೆ ಉಸಿರಾಡುತ್ತದೆ, ತಗ್ಗು ಸ್ವರಗಳ ಹೀರಿಕೆಯೂ ಹೆಚ್ಚುತ್ತದೆ. ಪ್ಲೈವುಡ್ ರೀಪು ಬೇಡವೆಂದದ್ದು ತೇವಕ್ಕೆ ಕೊಳೆತು ಕುಂಬಾಗುವ ಭಯಕ್ಕೆ. ಕಾರ್ಪೆಟ್ ಹಾಕಿ ಎಂಬ ಸಲಹೆಯೂ ಬಂದಿತ್ತು. ಜುಲೈಯಲ್ಲಿ 28 ಜನರ ಒದ್ದೆ ಚಪ್ಪಲಿ ತುಳಿದ ಕಾರ್ಪೆಟಿನ ವಾಸನೆ ಬಲ್ಲವರು ಯಾರೂ ಅದನ್ನು ಒಪ್ಪಲಾರರು.

ಇನ್ನು ಫಲ. ಹೀರಿಕೆ 33ರಿಂದ 90ಕ್ಕೆ ಏರಿದಾಗ ಹಾಲಿನಲ್ಲಿ ತುಂಬಿದ ಸದ್ದು ಲೆಕ್ಕದಲ್ಲಿ ಇಳಿಯುವುದು 4 ಡೆಸಿಬಲ್ ಮಾತ್ರ. ಕೇಳಿದವರಿಗೆ "ಇಷ್ಟೇನಾ" ಅನ್ನಿಸುತ್ತದೆ. ಆದರೆ ಕೆಲಸದ ಹೊತ್ತಿನಲ್ಲಿ ಮಾಪಕ ತೋರಿಸಿದ ಸರಾಸರಿ 66ರಿಂದ 59ಕ್ಕೆ ಇಳಿದಿತ್ತು. ಹೆಚ್ಚಿನ 3 ಡೆಸಿಬಲ್ ಇಳಿಸಿದ್ದು ಹಲಗೆಗಳಲ್ಲ, ಜನರೇ. ಗದ್ದಲದಲ್ಲಿ ಮನುಷ್ಯ ತನಗೆ ಅರಿವಿಲ್ಲದೆ ದನಿ ಏರಿಸುತ್ತಾನೆ; ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ಡ್ 1911ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಪಕ್ಕದವರು ಏರಿಸಿದರೆ ಇವರೂ ಏರಿಸುತ್ತಾರೆ. ಗುಂಗು ಇಳಿದರೆ ಅದೇ ಸರಪಳಿ ಹಿಮ್ಮುಖವಾಗಿ ನಡೆಯುತ್ತದೆ.

ಕ್ಯಾಬಿನ್: ಸೋರುವುದು ಎಲ್ಲಿ

ಸದ್ದು ತಡೆಯುವ ಕೆಲಸ ನೀರು ತಡೆಯುವ ಕೆಲಸದ ಹಾಗೆ. ಗೋಡೆ ಎಷ್ಟೇ ಗಟ್ಟಿಯಿರಲಿ, ಒಂದು ಬಿರುಕು ಸಾಕು. ಇಲ್ಲಿ ಮೂರು ಬಿರುಕುಗಳಿದ್ದವು.

ಮೊದಲನೆಯದು ಕಣ್ಣಿಗೆ ಕಾಣದ್ದು. ಕ್ಯಾಬಿನ್ನಿನ ಪಾರ್ಟಿಶನ್ ಫಾಲ್ಸ್ ಸೀಲಿಂಗಿಗೆ ಬಂದು ನಿಂತಿತ್ತು. ಅದರ ಮೇಲೆ ಶೀಟಿನವರೆಗೆ ಎಲ್ಲ ಕೋಣೆಗಳಿಗೂ ಸೇರಿ ಒಂದೇ ಅಟ್ಟ. ಕ್ಯಾಬಿನ್ನಿನ ಮಾತು ಸೀಲಿಂಗಿನ ದೀಪದ ತೂತುಗಳಲ್ಲಿ ಮೇಲೆ ಹತ್ತಿ, ಅಟ್ಟದಲ್ಲಿ ನಡೆದು, ಹಾಲಿನ ದೀಪದ ತೂತುಗಳಲ್ಲಿ ಇಳಿಯುತ್ತಿತ್ತು. ಪಾರ್ಟಿಶನ್ನನ್ನು ಶೀಟಿನವರೆಗೆ ಎತ್ತುವುದೇ ಇದಕ್ಕೆ ದಾರಿ. ಆದರೆ ಶೀಟಿಗೆ ಮುಟ್ಟಿಸಿ ಬಿಗಿಯಬಾರದು. ಬಿಸಿಲಿಗೆ ಶೀಟು ಹಿಗ್ಗುತ್ತದೆ, ಸಂಜೆ ಕುಗ್ಗುತ್ತದೆ, ಬೋರ್ಡು ಸೀಳುತ್ತದೆ; ಮಳೆಯ ಕಂಪನವೂ ನೇರ ಗೋಡೆಗೆ ಇಳಿಯುತ್ತದೆ. 15 ಮಿ.ಮೀ. ಸಂದು ಬಿಟ್ಟು ಅದಕ್ಕೆ ರಾಕ್‌ವುಲ್ ಒತ್ತಿ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಸೀಲಂಟ್ ಬಳಿಯಬೇಕು. ಶೀಟಿನ ಏಣುಗಳ ಕೆಳಗಿನ ಖಾಲಿಗೆ ಅದೇ ಆಕಾರಕ್ಕೆ ಕತ್ತರಿಸಿದ ರಾಕ್‌ವುಲ್ ತುಂಡು ತುರುಕಬೇಕು. ಈ ತುಂಡುಗಳನ್ನು ಬಿಟ್ಟರೆ ಮೇಲಿನ ಗೋಡೆ ಎತ್ತಿದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಎರಡನೆಯದು ಬಾಗಿಲು. ಅದರ ಕೆಳಗೆ 12 ಮಿ.ಮೀ. ಸಂದು. ಬಾಗಿಲಿನ ಅಗಲ 0.9 ಮೀಟರ್, ಅಂದರೆ ತೆರೆದ ಜಾಗ 0.0108 ಚದರ ಮೀಟರ್. ಗೋಡೆ 4 ಮೀಟರ್ ಉದ್ದ, 2.7 ಎತ್ತರ, 10.8 ಚದರ ಮೀಟರ್. ಸಾವಿರಕ್ಕೆ ಒಂದು ಪಾಲು. ಸಾವಿರದಲ್ಲಿ ಒಂದು ಪಾಲು ತೆರೆದಿದ್ದರೆ ಆ ಗೋಡೆ ಕಲ್ಲಿನದಾದರೂ ಒಟ್ಟು ತಡೆ 30 ಡೆಸಿಬಲ್ ದಾಟುವುದಿಲ್ಲ. ನೂರಕ್ಕೆ ಒಂದು ಪಾಲು ತೆರೆದಿದ್ದರೆ 20. ಇದಕ್ಕೇ ಗೋಡೆಗೆ ದುಡ್ಡು ಹಾಕುವ ಮೊದಲು ಬಾಗಿಲು ನೋಡಬೇಕು. ಟೊಳ್ಳು ಬಾಗಿಲು ತೆಗೆದು 38 ಮಿ.ಮೀ. ಗಟ್ಟಿ ತಿರುಳಿನ ಫ್ಲಶ್ ಡೋರ್ ಕೂರಿಸಿ, ಮೂರು ಬದಿಗೆ ಇಪಿಡಿಎಂ ರಬ್ಬರ್ ಗ್ಯಾಸ್ಕೆಟ್, ಕೆಳಗೆ ಬಾಗಿಲು ಮುಚ್ಚಿದಾಗ ತಾನಾಗಿ ಇಳಿಯುವ ಸೀಲ್ ಹಾಕಲಾಯಿತು.

ಮೂರನೆಯದು ಗೋಡೆಯ ಎರಡೂ ಕಡೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದ ಸ್ವಿಚ್ ಬಾಕ್ಸ್‌ಗಳು. ಒಂದನ್ನು ಪಕ್ಕದ ಸ್ಟಡ್ಡಿನ (ಬೋರ್ಡು ಹಿಡಿದು ನಿಲ್ಲಿಸುವ ಒಳಗಂಬದ) ಆಚೆಗೆ ಸರಿಸಿ ಹಳೆಯ ತೂತು ಮುಚ್ಚಿದರು. ಆಮೇಲಷ್ಟೇ ಗೋಡೆ: ಒಂದು ಬದಿಯ ಬೋರ್ಡು ಬಿಚ್ಚಿ, 50 ಮಿ.ಮೀ. ಟೊಳ್ಳಿಗೆ ಘನ ಮೀಟರಿಗೆ 48 ಕೆ.ಜಿ.ಯ ರಾಕ್‌ವುಲ್ ತುಂಬಿ, ಆ ಬದಿಗೆ ಎರಡು ಪದರ ಬೋರ್ಡು, ಕೀಲುಗಳು ಒಂದರ ಮೇಲೊಂದು ಬಾರದ ಹಾಗೆ. ಮುಚ್ಚಿದ ಟೊಳ್ಳಿನೊಳಗೆ ರಾಕ್‌ವುಲ್‌ಗೆ ಬೂಷ್ಟಿನ ಭಯವಿಲ್ಲ. ಹೀಗೆ ಕಟ್ಟಿದ ಗೋಡೆಯ ತಡೆ ಪ್ರಯೋಗಾಲಯದಲ್ಲಿ 45 ಡೆಸಿಬಲ್ಲಿನ ಆಸುಪಾಸು. ಕಚೇರಿಯಲ್ಲಿ ಅದಕ್ಕಿಂತ ನಾಲ್ಕೈದು ಕಡಿಮೆ ಸಿಕ್ಕಿದರೂ ಸಂಬಳದ ಮಾತು ಒಳಗೇ ಉಳಿಯುತ್ತದೆ.

ಮೀಟಿಂಗ್ ರೂಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 4 × 3.2 × 2.7 ಮೀಟರಿನ ಕೋಣೆ, ಅನುರಣನ 1 ಸೆಕೆಂಡು. ಇಂಥಲ್ಲಿ ಬಾಯಿಂದ ಸುಮಾರು 33 ಸೆಂ.ಮೀ. ದಾಟಿದರೆ ಮೈಕಿಗೆ ಮಾತಿಗಿಂತ ಗೋಡೆಯ ಗುಂಗೇ ಜೋರು. ಮೇಜಿನ ನಡುವಿನ ಮೈಕ್ ಎಲ್ಲರಿಗೂ ಒಂದು ಮೀಟರ್ ದೂರ. ದುಬಾರಿ ಮೈಕ್ ತಂದರೂ ಇದು ಬದಲಾಗದು. ಎರಡು ತೂಗುಹಲಗೆ, ಒಂದಕ್ಕೊಂದು ತಾಗಿದ ಎರಡು ಗೋಡೆಗಳಲ್ಲಿ ಒಟ್ಟು 6 ಚದರ ಮೀಟರ್ ಪ್ಯಾನೆಲ್. ಅನುರಣನ ಲೆಕ್ಕದಲ್ಲಿ 0.38ಕ್ಕೆ ಬಂತು, ಆ ದೂರ 54 ಸೆಂ.ಮೀ. ಆಯಿತು. ಮೈಕನ್ನು ಮಾತಾಡುವವರ ಹತ್ತಿರಕ್ಕೆ ಎಳೆದುಕೊಳ್ಳುವ ಅಭ್ಯಾಸವೂ ಬೇಕು.

ಮಳೆ

ಅರ್ಧ ಮಿ.ಮೀ. ದಪ್ಪದ ಶೀಟು, ಆಧಾರದಿಂದ ಆಧಾರಕ್ಕೆ ಮೀಟರಿಗೂ ಹೆಚ್ಚು ಅಂತರ. ಅದು ಚೆಂಡೆಯ ಚರ್ಮವಲ್ಲದೆ ಮತ್ತೇನು? ಹಂಚಿನ ಮಾಡಿನಲ್ಲಿ ಈ ತೊಂದರೆ ಕಡಿಮೆ. ಹಂಚು ಭಾರ, ಬಿಡಿಬಿಡಿ, ಒಂದರ ಕಂಪನ ಇನ್ನೊಂದಕ್ಕೆ ದಾಟುವುದಿಲ್ಲ. ಫೋಮ್ ತುಂಬಿದ ಸ್ಯಾಂಡ್‌ವಿಚ್ ಶೀಟು ಹಾಕಿದರೆ ಮಳೆ ಕೇಳುವುದಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ಬಿಸಿಲಿಗೆ ಅದು ಒಳ್ಳೆಯದು. ಮಳೆಗೆ ಅಲ್ಲ; ಹಗುರವೂ ಬಿರುಸೂ ಆದ ಆ ಫೋಮು ಮೇಲಿನ ಶೀಟಿನ ಬಡಿತವನ್ನು ಕೆಳಗಿನ ಶೀಟಿಗೆ ಮುಟ್ಟಿಸುತ್ತದೆ.

ಇಲ್ಲಿ ಮಾಡಿದ್ದು ಮೂರು ಪದರದ ಕೆಲಸ, ಮೂರೂ ಏಪ್ರಿಲ್ ಮುಗಿಯುವುದರೊಳಗೆ, ರಜಾದಿನಗಳಲ್ಲಿ. ಜಿಪ್ಸಮ್ ಸೀಲಿಂಗಿನ ಮೇಲೆ ಯಾರೂ ಹರಿದಾಡಲಾಗದು, ಆದ್ದರಿಂದ ಅಟ್ಟಕ್ಕೆ ಹೊರಗಿನಿಂದಲೇ ಇಳಿಯಬೇಕು. ಒಂದು ಸಾಲು ಶೀಟಿನ ಸ್ಕ್ರೂ ಬಿಚ್ಚಿ, ಎತ್ತಿ, ಶೀಟಿನ ಅಡಿಮೈಗೆ ಪ್ರತಿ ಆಧಾರದ ನಡುವಣ ಭಾಗದಲ್ಲಿ, ಮೂರರಲ್ಲಿ ಒಂದು ಪಾಲು ಮುಚ್ಚುವಂತೆ, ಅಲ್ಯೂಮಿನಿಯಂ ಮುಖದ 2 ಮಿ.ಮೀ. ಬ್ಯುಟೈಲ್ ರಬ್ಬರ್ ಹಾಳೆ ಅಂಟಿಸಿದರು. ಇದರಿಂದ ಶೀಟಿನ ಠಣಠಣ ಹೋಗಿ ದಬದಬ ಆಗುತ್ತದೆ. ಅಂಟಿಸುವ ಮೊದಲು ಶೀಟಿನ ಉಪ್ಪುದೂಳನ್ನು ಒರೆಸಿ ಒಣಗಿಸದಿದ್ದರೆ ಹಾಳೆ ಒಂದು ವರ್ಷದಲ್ಲಿ ಸುಲಿದು ಬೀಳುತ್ತದೆ. ಮತ್ತೆ ಸೀಲಿಂಗಿನ ಮೇಲೆ ಪ್ಲಾಸ್ಟಿಕ್ ಚೀಲದೊಳಗಿನ 50 ಮಿ.ಮೀ. ರಾಕ್‌ವುಲ್ ಹಾಸಿ ಶೀಟು ಮುಚ್ಚಿದರು. ಹೊಸ ರಬ್ಬರ್ ವಾಷರಿನ ಹೊಸ ಸ್ಕ್ರೂ, ಏಣಿನ ಮೇಲೆ. ಹಳೆ ವಾಷರ್ ಮತ್ತೆ ಬಳಸಿದ ಒಂದು ಮೂಲೆಯಲ್ಲಿ ಮೊದಲ ಮಳೆಗೇ ಸೋರಿತು.

ಆ ಚೀಲದ ಇನ್ನೊಂದು ಉಪಕಾರ ಯಾರೂ ನಿರೀಕ್ಷಿಸಿರಲಿಲ್ಲ. ಮಳೆಗಾಲದಲ್ಲಿ ಇಲ್ಲಿನ ಗಾಳಿಯ ತೇವ ಹನಿಗಟ್ಟುವ ಉಷ್ಣತೆ 24 ಡಿಗ್ರಿಯ ಸುತ್ತಮುತ್ತ. ಒಳಗೆ ಎಸಿ 22ಕ್ಕೆ ಇಟ್ಟರೆ ಸೀಲಿಂಗಿನ ಮೇಲ್ಮೈ ತಣ್ಣಗಾಗಿ, ಅಟ್ಟದ ತೇವಗಾಳಿ ಅದರ ಮೇಲೆ ನೀರಾಗುತ್ತದೆ. ಹಿಂದೆ ಸೀಲಿಂಗಿನಲ್ಲಿ ಕಂಡ ಎಷ್ಟೋ ಕಲೆಗಳಿಗೆ ಶೀಟು ಸೋರುತ್ತದೆಂದು ಮೇಸ್ತ್ರಿಯನ್ನು ಬಯ್ದಿದ್ದರು. ಚೀಲ ಬಂದ ಮೇಲೆ ತೇವಗಾಳಿಗೆ ತಣ್ಣನೆಯ ಮೈ ಸಿಗುವುದಿಲ್ಲ. ಎಸಿಯನ್ನು 25ಕ್ಕೆ ಇಟ್ಟರೆ ಇನ್ನೂ ಕ್ಷೇಮ.

ಕೊನೆಯ ಪದರ ಕೆಳಗಿನಿಂದ: ಇದ್ದ ಬೋರ್ಡಿನ ಮೇಲೆ ಇನ್ನೊಂದು 12.5 ಮಿ.ಮೀ. ಬೋರ್ಡು, 35 ಮಿ.ಮೀ. ಸ್ಕ್ರೂ, ಅಂಚಿನ ಸುತ್ತ 5 ಮಿ.ಮೀ. ಬಿಟ್ಟು ಸೀಲಂಟ್. ಒಳಗೆ ಹುದುಗಿದ ದೀಪಗಳ ತೂತು ಮುಚ್ಚಿ, ತೂಗುವ ದೀಪ. ಹೊಸ ಬೋರ್ಡಿನಿಂದ ಸುಮಾರು 1000 ಕೆ.ಜಿ., ರಾಕ್‌ವುಲ್‌ನಿಂದ 270, ಹಲಗೆಗಳಿಂದ 100ಕ್ಕೂ ಮಿಕ್ಕಿ. ಸುಮ್ಮನೆ ನೆರಳಿಗೆಂದು ಎತ್ತಿದ ಪೈಪಿನ ಟ್ರಸ್ ಇಷ್ಟು ಹೊರುತ್ತದೆಂದು ವೆಲ್ಡರ್ ಹೇಳಿದರೆ ಸಾಲದು. ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ, ತೂಗುಸರಳುಗಳ ಅಂತರವನ್ನು 1200ರಿಂದ 900 ಮಿ.ಮೀ.ಗೆ ಇಳಿಸಿ, ಎರಡು ಕಡೆ ಟ್ರಸ್ಸಿಗೆ ಪೈಪ್ ಸೇರಿಸಿದ ಮೇಲೆಯೇ ಬೋರ್ಡು ಏರಿದ್ದು.

ಒಂದೇ ಮಳೆ ಎರಡು ಸಲ ಬರುವುದಿಲ್ಲವಾದ್ದರಿಂದ ಹಿಂದಿನ ವರ್ಷದ್ದಕ್ಕೆ ಹೋಲಿಸಿ ಪ್ರಯೋಜನವಿಲ್ಲ. ಪ್ಯಾಂಟ್ರಿಯನ್ನು ಹಾಗೆಯೇ ಬಿಟ್ಟಿದ್ದರು. ಅದೇ ಶೀಟು, ಅದೇ ಹಳೆಯ ಒಂದು ಪದರದ ಸೀಲಿಂಗು. ಜುಲೈಯ ಒಂದು ಜಡಿಮಳೆಯಲ್ಲಿ ಒಂದೇ ಹೊತ್ತಿಗೆ ಎರಡೂ ಕಡೆ ಅಳೆದಾಗ ಪ್ಯಾಂಟ್ರಿಯಲ್ಲಿ 70, ಹಾಲಿನಲ್ಲಿ 58 ಡೆಸಿಬಲ್. ಮಾಪಕ ಎರಡನೇ ದರ್ಜೆಯದು, ನೆಲದಿಂದ 1.2 ಮೀಟರ್ ಎತ್ತರ. ಇದರಲ್ಲಿ ಸ್ವಲ್ಪ ಪಾಲು ಹಾಲಿನ ತೂಗುಹಲಗೆಗಳದ್ದೂ ಹೌದು. ಮಳೆ ಈಗಲೂ ಕೇಳುತ್ತದೆ, ಫೋನ್ ಕೆಳಗಿಡಬೇಕಾಗಿಲ್ಲ.

ಆಮೇಲೆ ಬಂದ ಹೊಸ ದೂರು

ಎಲ್ಲ ಮುಗಿದ ಎರಡನೇ ವಾರಕ್ಕೆ ಲೆಕ್ಕಪತ್ರದವರು ಹೇಳಿದರು: ಮೊದಲು ಬರೀ ಗದ್ದಲವಿತ್ತು, ಈಗ ಆ ಕೊನೆಯ ಮೇಜಿನ ಮಾತು ಅಕ್ಷರ ಅಕ್ಷರ ಕೇಳುತ್ತದೆ. ಇದು ಕೆಲಸ ಕೆಟ್ಟದ್ದರ ಗುರುತಲ್ಲ. ಗುಂಗು ಇರುವಾಗ ಎಲ್ಲರ ಮಾತೂ ಕಲಸಿ ಒಂದಾಗಿರುತ್ತದೆ. ಗುಂಗು ಹೋದಾಗ ಮಾತು ಬಿಡಿಬಿಡಿಯಾಗುತ್ತದೆ. ಮನಸ್ಸನ್ನು ಎಳೆಯುವುದು ಸದ್ದಿನ ಜೋರಲ್ಲ, ಅದರ ಅರ್ಥ. ಮಂಗಳೂರಿನ ಕಚೇರಿಯಲ್ಲಿ ಇದು ಇನ್ನೂ ಸ್ಪಷ್ಟ: ಪಕ್ಕದ ಮೇಜಿನಲ್ಲಿ ಕೊಂಕಣಿಯಲ್ಲಿ ನಡೆದ ಮಾತು ಕೊಂಕಣಿ ಬಾರದವರಿಗೆ ಫ್ಯಾನಿನ ಸದ್ದಿನಷ್ಟೇ, ತಿಳಿದ ತುಳುವಿನಲ್ಲಿ ನಡೆದರೆ ಕೈಯಲ್ಲಿದ್ದ ಲೆಕ್ಕ ತಪ್ಪುತ್ತದೆ.

ಮೊದಲ ಮದ್ದಿಗೆ ಖರ್ಚಿಲ್ಲ. ಫೋನಿನವರನ್ನು ರಸ್ತೆಯ ಗಾಜಿನ ಕಡೆಗೂ ಲೆಕ್ಕದವರನ್ನು ಪ್ಯಾಂಟ್ರಿಯ ಕಡೆಗೂ ಕೂರಿಸಿ, ನಡುವೆ ಫೈಲ್ ಕಪಾಟು ಸಾಲಿಟ್ಟರು. ಆಮೇಲೆ ಮೇಜುಗಳ ನಡುವೆ ನೆಲದಿಂದ 1.4 ಮೀಟರ್ ಎತ್ತರದ, ಬಟ್ಟೆ ಹೊದಿಸಿದ ಪರದೆ. ಸೀಲಿಂಗ್ ಹೀರದಿದ್ದರೆ ಪರದೆ ವ್ಯರ್ಥ, ಸದ್ದು ಮೇಲೆ ಬಡಿದು ಆಚೆ ಇಳಿಯುತ್ತದೆ. ಹಲಗೆಗಳು ಬಂದ ಮೇಲೆಯೇ ಅದಕ್ಕೆ ಬೆಲೆ. ಸ್ಪೀಕರಿನಿಂದ 40ರಿಂದ 45 ಡೆಸಿಬಲ್‌ನಷ್ಟು ಮೆದುವಾದ ಏಕಸದ್ದು ಹರಿಸಿ ಮಾತನ್ನು ಮಸುಕು ಮಾಡುವ ಪದ್ಧತಿಯೂ ಇದೆ, ಇಲ್ಲಿ ಬೇಕಾಗಲಿಲ್ಲ. ಸಣ್ಣಗೆ ಜಿರಿಜಿರಿ ಮಳೆ ಹಿಡಿದ ದಿನ ಲೆಕ್ಕದವರಿಂದ ಒಂದೂ ದೂರು ಬರುವುದಿಲ್ಲ. ಆ ದಿನ ಶೀಟೇ ಆ ಕೆಲಸ ಮಾಡುತ್ತದೆ.

ರಸ್ತೆಯ ಕಡೆಯ ಸ್ಲೈಡಿಂಗ್ ಕಿಟಕಿಗಳಿಗೆ ಹೊಸ ಉಣ್ಣೆಪಟ್ಟಿ ಹಾಕಿದ್ದಾರೆ. ಬಸ್ಸಿನ ಹಾರ್ನ್ ಕಡಿಮೆಯಾಗಿದೆ, ಹೋಗಿಲ್ಲ. ಸ್ಲೈಡಿಂಗ್ ಕಿಟಕಿ ಇರುವ ತನಕ ಹೋಗುವುದೂ ಇಲ್ಲ. ಇನ್ನುಳಿದದ್ದು ವರ್ಷಕ್ಕೊಮ್ಮೆಯ ಕೆಲಸ. ಅಕ್ಟೋಬರಿನಲ್ಲಿ ತಂತಿ, ಕೊಕ್ಕೆ ನೋಡಬೇಕು, ಹಲಗೆಗಳ ಮೇಲ್ಮೈಯ ದೂಳನ್ನು ವ್ಯಾಕ್ಯೂಮಿನಿಂದ ಎಳೆಯಬೇಕು. ಕ್ಯಾಬಿನ್ನಿನ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಕೆಳಗಿನ ಸೀಲ್ ನೆಲಕ್ಕೆ ಉಜ್ಜುತ್ತದೆ, ಮಾರ್ಚಿಗೆ ಒಣಗಿ ಒಂದೆರಡು ಮಿ.ಮೀ. ಸಂದು ಬೀಳುತ್ತದೆ. ಸೀಲಿನ ತುದಿಯಲ್ಲಿರುವ ಸ್ಕ್ರೂವನ್ನು ಆ ಎರಡೂ ಹೊತ್ತಿಗೆ ತಿರುಗಿಸಿ ಸರಿಮಾಡಿಕೊಳ್ಳಬೇಕು.